ಶಿಷ್ಯವೇತನ ತಿಂಗಳಿಗೆ ತಿಂಗಳು ಬರಲಿ: ಕಾಸರಗೋಡಿನ ಸಂಶೋಧನಾ ವಿದ್ಯಾರ್ಥಿನಿಯ ಬಹಿರಂಗ ಪತ್ರ

ಇವರಿಗೆ,
ವಿಶ್ವವಿದ್ಯಾಲಯಗಳ ಮಾನ್ಯ ಕುಲಪತಿಗಳು, ಹಣಕಾಸು ಅಧಿಕಾರಿಗಳು ಹಾಗೂ ಸಂಶೋಧನಾ ಶಿಷ್ಯವೇತನ ಮಂಜೂರು ಮಾಡುವ ಸಂಸ್ಥೆಗಳ ಮುಖ್ಯಸ್ಥರು

ವಿಷಯ: ಸಂಶೋಧನಾ ವಿದ್ಯಾರ್ಥಿಗಳ ಶಿಷ್ಯವೇತನ ತಡವಾಗುತ್ತಿರುವ ಬಗ್ಗೆ

ಮಾನ್ಯರೇ,

ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಹಳ್ಳಿಯೊಂದರಲ್ಲಿ ಹುಟ್ಟಿ ಬೆಳೆದವಳು ನಾನು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಪ್ಲಸ್ ಟು, ಬಿಎಸ್ಸಿ, ಎಂಎಸ್ಸಿ. ಈಗ ಭೌತಶಾಸ್ತ್ರದ ಪಿಎಚ್‌ಡಿಯ ಕೊನೆಯ ಹಂತದಲ್ಲಿದ್ದೇನೆ. ಲೋಹದ ಆಕ್ಸೈಡುಗಳ ತೆಳುಪದರ ತಯಾರಿಸಿ, ತಾಪಮಾನ ಇಳಿಯುತ್ತ ಹೋದಂತೆ ಅದರ ವಿದ್ಯುತ್ ರೋಧ ಹೇಗೆ ಬದಲಾಗುತ್ತದೆ ಎಂದು ಅಳೆಯುವುದು ನನ್ನ ಕೆಲಸ. ಈ ಪತ್ರದಲ್ಲಿ ನನ್ನ ಹೆಸರನ್ನಾಗಲಿ ವಿಶ್ವವಿದ್ಯಾಲಯದ ಹೆಸರನ್ನಾಗಲಿ ಬರೆದಿಲ್ಲ. ಪ್ರಬಂಧ ಇನ್ನೂ ಸಲ್ಲಿಸಬೇಕಷ್ಟೆ. ಅದಕ್ಕೆ ಬೇಕಾದ ನೋ ಡ್ಯೂಸ್ (ಬಾಕಿಯಿಲ್ಲ ಎಂಬ) ಕಾಗದಕ್ಕೆ ಇದೇ ಕಚೇರಿಗಳವರು ಸಹಿ ಹಾಕಬೇಕು. ಹೆಸರು ಹಾಕಲು ಹೆದರಬೇಕಾದ ಈ ಸ್ಥಿತಿಯನ್ನೂ ನನ್ನ ದೂರಿನಲ್ಲಿ ಸೇರಿಸಿಕೊಳ್ಳಬೇಕೆಂದು ಕೋರುತ್ತೇನೆ.

ದೂರು ಒಂದೇ. ನಮ್ಮ ಶಿಷ್ಯವೇತನ ತಿಂಗಳಿಗೆ ತಿಂಗಳು ಬರುವುದಿಲ್ಲ. ಎರಡು ತಿಂಗಳು ನಿಲ್ಲುತ್ತದೆ, ಕೆಲವೊಮ್ಮೆ ಅರ್ಧ ವರ್ಷದ ಹತ್ತಿರ ನಿಲ್ಲುತ್ತದೆ, ಆಮೇಲೆ ಯಾವುದೋ ಒಂದು ಮಧ್ಯಾಹ್ನ ಬಾಕಿಯೆಲ್ಲ ಒಟ್ಟಿಗೆ ಬಂದು ಬೀಳುತ್ತದೆ. ಒಟ್ಟಿಗೆ ಬಂದದ್ದು ನಮ್ಮ ಕೈಯಲ್ಲಿ ಉಳಿಯುವುದಿಲ್ಲ. ಹಾಸ್ಟೆಲ್ ಮೆಸ್ಸಿನ ಬಾಕಿ, ಗೆಳತಿಯರ ಸಾಲ, ಸಹಕಾರಿ ಸೊಸೈಟಿಯ ಬಡ್ಡಿ ಎಂದು ಅದೇ ವಾರ ಮುಗಿಯುತ್ತದೆ. ಹಣ ಕಡಿಮೆ ಎಂದು ನಾನು ಈ ಪತ್ರ ಬರೆಯುತ್ತಿಲ್ಲ. 2019ರಲ್ಲಿ 31,000 ರೂಪಾಯಿಯಿದ್ದ ಜೆಆರ್‌ಎಫ್ (ಮೊದಲ ಎರಡು ವರ್ಷ ಕೊಡುವ ಕಿರಿಯ ಸಂಶೋಧನಾ ಶಿಷ್ಯವೇತನ) 2023ರ ಜನವರಿಯಿಂದ 37,000 ಆಯಿತು, ಎಸ್‌ಆರ್‌ಎಫ್ (ಆಮೇಲಿನ ಹಿರಿಯ ಸಂಶೋಧನಾ ಶಿಷ್ಯವೇತನ) 35,000ದಿಂದ 42,000 ಆಯಿತು. ದೇಶದುದ್ದಗಲ ಸಂಶೋಧನಾ ವಿದ್ಯಾರ್ಥಿಗಳು ಬೀದಿಗಿಳಿದು ಕೇಳಿದ ಮೇಲೆಯೇ ಇಂಥ ಏರಿಕೆಗಳು ಬಂದವು, ಆದರೂ ಬಂದವು. ಆ ಮೊತ್ತ ನಿಗದಿತ ದಿನ ಕೈಸೇರಿದರೆ ನಮ್ಮಂಥ ಮನೆಯವರು ಮರ್ಯಾದೆಯಿಂದ ಬದುಕಬಹುದು. ಆದೇಶದಲ್ಲಿ ಮಾತ್ರ ಇದ್ದು ಖಾತೆಗೆ ಬಾರದ 37,000ದಿಂದ ಮೆಸ್ಸಿನ ಬಿಲ್ಲು ಕಟ್ಟಲಾಗುವುದಿಲ್ಲ.

ಸೇರುವ ದಿನ ನಮ್ಮಿಂದ ಒಂದು ಮುಚ್ಚಳಿಕೆ ಬರೆಸಿಕೊಳ್ಳುತ್ತೀರಿ. ಪೂರ್ಣಾವಧಿ ಸಂಶೋಧನೆ ಮಾಡುತ್ತೇನೆ, ಬೇರೆ ಯಾವ ಸಂಬಳದ ಕೆಲಸವನ್ನೂ ಒಪ್ಪಿಕೊಳ್ಳುವುದಿಲ್ಲ ಎಂದು. ಆ ನಿಯಮ ಸರಿಯಾದದ್ದೇ. ಪ್ರಯೋಗಾಲಯದ ಕೆಲಸ ಹಗಲು ರಾತ್ರಿ ನೋಡುವುದಿಲ್ಲ, ಅರ್ಧ ಮನಸ್ಸಿನಿಂದ ಆಗುವಂಥದ್ದೂ ಅಲ್ಲ. ಆದರೆ ಆ ಮುಚ್ಚಳಿಕೆಗೆ ಎರಡು ಕಡೆಯಿದೆ. ಸಂಜೆ ನಾಲ್ಕು ಮಕ್ಕಳಿಗೆ ಟ್ಯೂಷನ್ ಹೇಳಿಕೊಟ್ಟರೆ ನಾನು ನಿಯಮ ಮುರಿದಂತೆ. ನಾಲ್ಕು ತಿಂಗಳು ನನಗೆ ಹಣ ಕೊಡದಿದ್ದರೆ ತಾವು ಯಾವ ನಿಯಮವನ್ನೂ ಮುರಿದಂತಲ್ಲ. ನಮ್ಮ ಊರಿನಲ್ಲಿ ಅಡಿಕೆ ಕೊಯ್ಲಿನವರಿಗೆ ಕೊಡುವ ಕೂಲಿ ಬಾಕಿ ಇಟ್ಟುಕೊಂಡು ಯಾವ ಕೃಷಿಕನೂ ಮಾರನೆಯ ದಿನ ಅವರನ್ನು ತೋಟಕ್ಕೆ ಕರೆಯುವುದಿಲ್ಲ. ಕೊಳೆರೋಗ ಬಂದು ಅರ್ಧ ಫಸಲು ಉದುರಿದ ವರ್ಷವೂ ಅಪ್ಪ ಸಾಲ ಮಾಡಿ ಮದ್ದು ಬಿಡುವವರ ಲೆಕ್ಕ ಅಂದಂದೇ ಚುಕ್ತ ಮಾಡಿದ್ದನ್ನು ಕಂಡವಳು ನಾನು. ಎರಡೂವರೆ ಎಕರೆ ತೋಟದವನಿಂದ ಆಗುವುದು ಕೋಟಿಗಟ್ಟಲೆ ಬಜೆಟ್ಟಿನ ಸಂಸ್ಥೆಯಿಂದ ಯಾಕೆ ಆಗುವುದಿಲ್ಲ ಎಂದು ಅಪ್ಪ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ತಡ ಎಲ್ಲಿ ಆಗುತ್ತದೆ ಎಂದು ಪತ್ತೆ ಹಚ್ಚಲು ಪ್ರಯತ್ನಿಸಿದ್ದೇನೆ. ನಾನು ಆ ತಿಂಗಳು ಕೆಲಸ ಮಾಡಿದ್ದೇನೆ ಎಂದು ಮಾರ್ಗದರ್ಶಕರು ಸಹಿ ಹಾಕಬೇಕು. ಅದು ವಿಭಾಗದ ಮುಖ್ಯಸ್ಥರಿಗೆ ಹೋಗಬೇಕು. ಅಲ್ಲಿಂದ ಆಡಳಿತ ಕಚೇರಿಯ ಸೆಕ್ಷನ್ನಿಗೆ. ಸೆಕ್ಷನ್ನಿನಲ್ಲಿ ಒಬ್ಬರು ಪೋರ್ಟಲ್ಲಿಗೆ ಮಾಹಿತಿ ತುಂಬಬೇಕು, ಇನ್ನೊಬ್ಬರು ಅದನ್ನು ಪರಿಶೀಲಿಸಿ ದೃಢಪಡಿಸಬೇಕು. ತುಂಬುವವರು ರಜೆ ಹಾಕಿದರೆ, ಪರಿಶೀಲಿಸುವವರಿಗೆ ವರ್ಗವಾದರೆ, ನಿಗದಿತ ದಿನಾಂಕ ದಾಟಿ ಹೋದರೆ, ಆ ತಿಂಗಳು ಹೋಯಿತು. ಮುಂದಿನ ತಿಂಗಳ ಜೊತೆ ಸೇರಿಸಿ ಕಳಿಸೋಣ ಎನ್ನುತ್ತಾರೆ. ವಿಶ್ವವಿದ್ಯಾಲಯದಲ್ಲಿ ಕೇಳಿದರೆ ಮೇಲಿಂದ ಬಂದಿಲ್ಲ ಎಂಬ ಉತ್ತರ. ಮೇಲಿನವರಿಗೆ ಫೋನ್ ಮಾಡಿದರೆ ವಿಶ್ವವಿದ್ಯಾಲಯದಿಂದ ಬಂದಿಲ್ಲ ಎಂಬ ಉತ್ತರ. ಫೋನ್ ಎತ್ತಿದರೆ ಇದು, ಬಹುತೇಕ ಎತ್ತುವುದಿಲ್ಲ.

ಒಂದು ಸಲ ನನ್ನ ಕಡತ ಒಂದು ಮೇಜಿನ ಮೇಲೆಯೇ ಇತ್ತು. ನಾನು ಕೌಂಟರಿನ ಈಚೆ ನಿಂತು ಅದರ ಮೇಲಿನ ನನ್ನ ಹೆಸರನ್ನು ಓದಬಹುದಾಗಿತ್ತು. ಅದರ ಮೇಲೆ ಒಂದು ಪರೀಕ್ಷಾ ವೇಳಾಪಟ್ಟಿ, ಅದರ ಮೇಲೆ ಒಂದು ನೀರಿನ ಬಾಟಲಿ. ಆ ಮೇಜಿನವರು ತರಬೇತಿಗೆ ಹೋಗಿದ್ದರು. ಪಕ್ಕದ ಮೇಜಿನ ಅಕ್ಕ ಕರುಣೆಯಿಂದಲೇ ಹೇಳಿದರು: "ನಾನು ಮುಟ್ಟುವ ಹಾಗಿಲ್ಲಮ್ಮ, ಅದು ಅವರ ಸೀಟು." ಅವರನ್ನು ನಾನು ದೂರುವುದಿಲ್ಲ. ಒಬ್ಬರು ಇಲ್ಲದ ದಿನ ಇನ್ನೊಬ್ಬರು ಆ ಕೆಲಸ ಮಾಡಬಹುದೆಂದು ಒಂದು ಸಾಲಿನ ಆದೇಶ ಹೊರಡಿಸದವರನ್ನು ದೂರುತ್ತೇನೆ.

ಜೆಆರ್‌ಎಫ್‌ನಿಂದ ಎಸ್‌ಆರ್‌ಎಫ್‌ಗೆ ಏರುವಾಗ ಇದು ಇನ್ನೂ ಬಿಗಡಾಯಿಸುತ್ತದೆ. ಎರಡು ವರ್ಷ ಮುಗಿದ ಮೇಲೆ ಹೊರಗಿನ ತಜ್ಞರೊಬ್ಬರೂ ಇರುವ ಮೂವರ ಸಮಿತಿ ನಮ್ಮ ಕೆಲಸ ನೋಡಿ ಶಿಫಾರಸು ಮಾಡಬೇಕು. ಎರಡು ವರ್ಷ ಯಾವ ದಿನ ಮುಗಿಯುತ್ತದೆ ಎಂಬುದು ಸೇರಿದ ದಿನವೇ ಎಲ್ಲರಿಗೂ ಗೊತ್ತು. ಆದರೂ ಸಮಿತಿ ಸೇರಲು ತಿಂಗಳುಗಳು ಬೇಕಾಗುತ್ತವೆ. ಅಷ್ಟರವರೆಗೆ ಹಳೆಯ ದರವಾದರೂ ಬರುತ್ತದೆಯೇ ಎಂದರೆ, ಏರಿಕೆಯ ಕಡತ ಇತ್ಯರ್ಥವಾಗದೆ ಹಳೆಯದೂ ಇಲ್ಲ.

ಮಾನ್ಯರೇ, ಇದು ನಮ್ಮ ಹೊಟ್ಟೆಪಾಡಿನ ವಿಷಯ ಮಾತ್ರ ಎಂದು ತಾವು ಭಾವಿಸಬಾರದು. ಭೌತಶಾಸ್ತ್ರದ ಪ್ರಯೋಗಕ್ಕೆ ಅದರದೇ ಆದ ಗಡಿಯಾರವಿದೆ. ನನ್ನ ಅಳತೆಗಳಿಗೆ ದ್ರವ ನೈಟ್ರೋಜನ್ ಬೇಕು. ಅದು ಮೈನಸ್ 196 ಡಿಗ್ರಿಯಲ್ಲಿ ಕುದಿಯುವ ದ್ರವ. ಡ್ಯೂವಾರ್ ಎಂಬ ಥರ್ಮಾಸಿನಂಥ ಪಾತ್ರೆಗೆ ತುಂಬಿದ ಕ್ಷಣದಿಂದ ಆವಿಯಾಗುತ್ತಲೇ ಇರುತ್ತದೆ. ಸರಬರಾಜುದಾರರ ಬಿಲ್ಲು ಪಾವತಿಯಾಗದೆ ಅವರು ಪೂರೈಕೆ ನಿಲ್ಲಿಸಿದರೆ, ನಮ್ಮ ಇಡೀ ವಿಭಾಗದ ಕಡಿಮೆ ತಾಪಮಾನದ ಪ್ರಯೋಗಗಳು ಅಂದೇ ನಿಲ್ಲುತ್ತವೆ. ನಿರ್ವಾತ ಪಂಪಿಗೆ ಎಣ್ಣೆ, ಒಂದು ಓ-ರಿಂಗ್, ಸುಟ್ಟು ಹೋದ ಥರ್ಮೋಕಪಲ್, ಬೆಳ್ಳಿಯ ಪೇಸ್ಟಿನ ಒಂದು ಸಣ್ಣ ಸೀಸೆ, ಇಂಥವನ್ನು ಖರೀದಿ ಸಮಿತಿಯ ಮೂರು ಕೊಟೇಶನ್ನಿಗಾಗಿ ಕಾಯುತ್ತ ಕೂತರೆ ಒಂದು ಋತುವೇ ಕಳೆಯುತ್ತದೆ. ಹಾಗಾಗಿ ನಾವು ನಮ್ಮ ಕೈಯಿಂದಲೇ ಕೊಳ್ಳುತ್ತೇವೆ. ಕಂಟಿಂಜೆನ್ಸಿ ಎಂಬ ಹಣ ಇದಕ್ಕೆಂದೇ ಇದೆ, ಆದರೆ ಮೊದಲು ಖರ್ಚು ಮಾಡಿ ಆಮೇಲೆ ರಸೀದಿ ಕೊಟ್ಟು ಪಡೆಯಬೇಕು. ತಿಂಗಳ ವೇತನವೇ ಬಾರದವಳು ಮೊದಲು ಖರ್ಚು ಮಾಡುವುದು ಎಲ್ಲಿಂದ?

ನಮ್ಮ ಕಡೆ ಮಳೆ ಹಿಡಿಯುವ ಮೊದಲು ಸಿಡಿಲಿನ ಸಂಜೆಗಳಿರುತ್ತವೆ. ಫರ್ನೇಸಿನಲ್ಲಿ 600 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕಾಯಬೇಕಾದ ಮಾದರಿ ಇಟ್ಟಾಗ ಕರೆಂಟು ಹೋದರೆ, ನಿಯಂತ್ರಣವಿಲ್ಲದೆ ತಣಿದ ಪದರದಲ್ಲಿ ಬಿರುಕು ಬಿಡುತ್ತದೆ. ಅದು ಮತ್ತೆ ಉಪಯೋಗಕ್ಕೆ ಬಾರದು. ಯುಪಿಎಸ್ ಇದೆ, ಬ್ಯಾಟರಿ ಸತ್ತಿದೆ, ಬ್ಯಾಟರಿಗೆ ಅರ್ಜಿ ಕೊಟ್ಟಾಗಿದೆ. ಸೂಕ್ಷ್ಮದರ್ಶಕದ ಕೆಳಗೆ ಆ ಬಿರುಕುಗಳನ್ನು ನೋಡುತ್ತ ಕೂತಾಗ ಪ್ರಕೃತಿಯ ಮೇಲೆ ನನಗೆ ಸಿಟ್ಟು ಬಂದದ್ದಿಲ್ಲ. ಸಿಡಿಲು ಬಡಿಯುವುದು ಅದರ ಸ್ವಭಾವ. ಬ್ಯಾಟರಿಯ ಅರ್ಜಿ ಕೊಳೆಯುವುದು ಯಾವ ಪ್ರಕೃತಿ ನಿಯಮವೂ ಅಲ್ಲ.

ಇಂದೋರಿನಲ್ಲಿ ಇಂಡಸ್-2 ಎಂಬ ಸಿಂಕ್ರೊಟ್ರಾನ್ ಇದೆ, ಎಲೆಕ್ಟ್ರಾನುಗಳನ್ನು ವೃತ್ತದಲ್ಲಿ ಓಡಿಸಿ ಪ್ರಬಲ ಎಕ್ಸ್-ಕಿರಣ ಹೊರಡಿಸುವ ದೊಡ್ಡ ಯಂತ್ರ. ನಮ್ಮ ದೇಶದ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಅರ್ಜಿ ಹಾಕಿ, ಆಯ್ಕೆಯಾದರೆ, ಅಲ್ಲಿನ ಎಕ್ಸ್-ಕಿರಣಗಳಲ್ಲಿ ತಮ್ಮ ಮಾದರಿಗಳನ್ನು ಪರೀಕ್ಷಿಸಬಹುದು. ಹಳ್ಳಿಯಿಂದ ಬಂದ ನನ್ನಂಥವಳಿಗೂ ಅಂಥ ಯಂತ್ರದ ಬಾಗಿಲು ತೆರೆದಿರುವುದು ಈ ದೇಶದ ಒಂದು ದೊಡ್ಡ ಒಳ್ಳೆಯತನ ಎಂದು ನಾನು ಮನಸಾರೆ ನಂಬುತ್ತೇನೆ. ನನಗೆ ಸಮಯ ಹಂಚಿಕೆಯಾದಾಗ ಶಿಷ್ಯವೇತನ ನಿಂತು ತಿಂಗಳುಗಳಾಗಿದ್ದವು. ಆ ಕಿರಣ ಬಂದು ಬೀಳುವ ಪ್ರಯೋಗದ ಜಾಗಕ್ಕೆ ಬೀಮ್‌ಲೈನ್ ಎನ್ನುತ್ತಾರೆ, ಅದರ ದಿನಾಂಕ ನಮಗಾಗಿ ಕಾಯುವುದಿಲ್ಲ. ತಪ್ಪಿಸಿಕೊಂಡರೆ ಮತ್ತೆ ಅರ್ಜಿ, ಮತ್ತೆ ಕಾಯುವಿಕೆ. ಅಮ್ಮ ಏನೂ ಮಾತಾಡದೆ ಎರಡು ಬಳೆ ತೆಗೆದು ಸೊಸೈಟಿಯಲ್ಲಿ ಅಡವಿಟ್ಟು ಬಂದರು. ಸಾಲದ ಚೀಟಿಯಲ್ಲಿ ಯಾವ ಉದ್ದೇಶಕ್ಕೆ ಎಂಬ ಜಾಗದಲ್ಲಿ ಕೃಷಿ ಎಂದು ಬರೆದಿತ್ತು. ಆ ಬಳೆಗಳ ಬಲದಿಂದ ಬಂದ ಅಳತೆಗಳು ಇವತ್ತು ನನ್ನ ಪ್ರಬಂಧದ ಅತ್ಯುತ್ತಮ ಅಧ್ಯಾಯವಾಗಿವೆ. ಪ್ರಬಂಧದ ಮೊದಲ ಪುಟಗಳಲ್ಲಿ ಶಿಷ್ಯವೇತನ ನೀಡಿದ ಸಂಸ್ಥೆಗೆ ಕೃತಜ್ಞತೆ ಹೇಳುವುದು ಕಡ್ಡಾಯ. ಹೇಳುತ್ತೇನೆ. ಅಮ್ಮನ ಹೆಸರನ್ನು ಅದಕ್ಕಿಂತ ಮೇಲೆ ಬರೆಯುತ್ತೇನೆ.

ನನಗೆ ಅಡವಿಡಲು ಎರಡು ಬಳೆಗಳಿದ್ದವು. ಇಲ್ಲದವರು ಏನಾದರು ಎಂಬುದನ್ನೂ ತಾವು ಕೇಳಬೇಕು.

ಪೈವಳಿಕೆ ಕಡೆಯ ಒಬ್ಬ ಹುಡುಗ ನನಗಿಂತ ಕಿರಿಯ. ಅವನೂ ಕನ್ನಡ ಮಾಧ್ಯಮದವನೇ. ಜೆಆರ್‌ಎಫ್‌ಗೆ ಆಯ್ಕೆ ಮಾಡುವ ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಭೌತಶಾಸ್ತ್ರದ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಅದನ್ನು ದಾಟಲು ನಮ್ಮ ಮಕ್ಕಳು ಪಡುವ ಶ್ರಮ ಬೇರೆಯವರಿಗೆ ಗೊತ್ತಾಗುವಂಥದ್ದಲ್ಲ. 2024ರ ಜೂನಿನಲ್ಲಿ ಅವನು ಪರೀಕ್ಷೆಗೆ ಕೂರಬೇಕಿತ್ತು. ಆ ಜೂನಿನಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನೆಟ್ ನಡೆದ ಮರುದಿನವೇ ರದ್ದಾಯಿತು, ಅದಾಗಿ ಎರಡು ದಿನಕ್ಕೆ ವಿಜ್ಞಾನ ವಿಷಯಗಳ ನೆಟ್ ಕೂಡ ಮುಂದೂಡಲ್ಪಟ್ಟು ಜುಲೈ ಕೊನೆಗೆ ಹೋಯಿತು. ಫಲಿತಾಂಶ ಬಂದಾಗ ಪಿಎಚ್‌ಡಿ ಪ್ರವೇಶಕ್ಕೆ ಅರ್ಹತೆ ಸಿಕ್ಕಿತು, ಜೆಆರ್‌ಎಫ್ ಸಿಗಲಿಲ್ಲ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಇಂಥವರಿಗೆ ನೆಟ್ ಅಲ್ಲದ ಶಿಷ್ಯವೇತನವೆಂದು ತಿಂಗಳಿಗೆ 8,000 ರೂಪಾಯಿ ಇದೆ. ಅದನ್ನೇ ನಿಲ್ಲಿಸಲು ಹೊರಟಾಗ 2015ರಲ್ಲಿ ವಿದ್ಯಾರ್ಥಿಗಳು ದೆಹಲಿಯ ಯುಜಿಸಿ ಕಚೇರಿಯ ಎದುರು ಬಿಡಾರ ಹೂಡಿ ಉಳಿಸಿಕೊಂಡರು. ಉಳಿಯಿತು, ಆದರೆ ಏರಲಿಲ್ಲ. ಜೆಆರ್‌ಎಫ್ ಅಷ್ಟು ಸಲ ಪರಿಷ್ಕರಣೆಯಾದರೂ ಈ 8,000 ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಅಲ್ಲಿಯೇ ನಿಂತಿದೆ. ಅದು ಕೂಡ ತಿಂಗಳುಗಟ್ಟಲೆ ಬಾರದಾದಾಗ ಅವನು ಬಿಟ್ಟ. ಈಗ ಒಂದು ಹೈಸ್ಕೂಲಿನಲ್ಲಿ ದಿನಗೂಲಿಯ ಅಧ್ಯಾಪಕ. ಚೆನ್ನಾಗಿ ಪಾಠ ಮಾಡುತ್ತಾನೆ ಎಂದು ಕೇಳಿದ್ದೇನೆ, ಸಂತೋಷ. ಆದರೆ ಕ್ವಾಂಟಮ್ ಮೆಕ್ಯಾನಿಕ್ಸಿನ ಲೆಕ್ಕಗಳನ್ನು ನನಗಿಂತ ವೇಗವಾಗಿ ಬಿಡಿಸುತ್ತಿದ್ದವನು ಅವನು. ಈ ವ್ಯವಸ್ಥೆ ಅವನನ್ನು ಯೋಗ್ಯತೆ ನೋಡಿ ಹೊರಗೆ ಹಾಕಲಿಲ್ಲ. ಅವನ ಮನೆಯಲ್ಲಿ ಎಷ್ಟು ತಿಂಗಳು ಕಾಯುವ ಶಕ್ತಿಯಿದೆ ಎಂದು ನೋಡಿ ಹಾಕಿತು.

ನನ್ನ ಈ ಪತ್ರದ ತಿರುಳು ಇಷ್ಟೇ. ಯಾರು ಭೌತಶಾಸ್ತ್ರ ಸಂಶೋಧನೆ ಮಾಡಬೇಕು ಎಂಬುದನ್ನು ಈಗ ಪ್ರವೇಶ ಪರೀಕ್ಷೆಯಾಗಲಿ ಸಂದರ್ಶನವಾಗಲಿ ತೀರ್ಮಾನಿಸುತ್ತಿಲ್ಲ. ಪಾವತಿಯ ವಿಳಂಬ ತೀರ್ಮಾನಿಸುತ್ತಿದೆ. ಮಂಗಳೂರು, ಬೆಂಗಳೂರು, ಕೊಚ್ಚಿಯಲ್ಲಿ ಸ್ವಂತ ಮನೆಯಿರುವ, ತಂದೆತಾಯಿ ಸಂಬಳದಾರರಾಗಿರುವ ಮಕ್ಕಳು ಆರು ತಿಂಗಳು ತಡೆದುಕೊಳ್ಳುತ್ತಾರೆ. ಮಂಜೇಶ್ವರ, ಕುಂಬಳೆ, ಮುಳ್ಳೇರಿಯ, ಅಡೂರಿನ ಕೂಲಿಕಾರರ, ಬೀಡಿ ಕಟ್ಟುವವರ, ಸಣ್ಣ ಹಿಡುವಳಿದಾರರ ಮಕ್ಕಳು ತಡೆದುಕೊಳ್ಳಲಾರರು. ಹೆಣ್ಣುಮಕ್ಕಳ ಮಾತಂತೂ ಬೇರೆಯೇ. ವೇತನ ನಿಂತ ಮೂರನೇ ತಿಂಗಳಿಗೆ ಮನೆಯಲ್ಲಿ ಜಾತಕ ಹೊರಬರುತ್ತದೆ. ನಮ್ಮ ನೆರೆಯ ಮಾವನವರು ಸಿಕ್ಕಿದಾಗಲೆಲ್ಲ "ಇನ್ನೂ ಕಲಿತು ಮುಗೀಲಿಲ್ವಾ ಮಗಾ? ಸಂಬಳ ಆದರೂ ಬರ್ತದಾ?" ಎಂದು ವಿಚಾರಿಸುತ್ತಾರೆ. ಮೊದಲ ಪ್ರಶ್ನೆಗೆ ಉತ್ತರ ಹೇಳಬಲ್ಲೆ. ಎರಡನೆಯದಕ್ಕೆ ತಾವು ಉತ್ತರ ಹೇಳಬೇಕು.

ಪ್ರತಿ ವರ್ಷ ಫೆಬ್ರವರಿ 28ರಂದು ವಿಜ್ಞಾನ ದಿನದ ವೇದಿಕೆಯಲ್ಲಿ ನಮಗೆ ಸರ್ ಸಿ.ವಿ. ರಾಮನ್ನರ ಕಥೆ ಹೇಳುತ್ತೀರಿ. 1928ರಲ್ಲಿ ಕೆಲವೇ ನೂರು ರೂಪಾಯಿಯ ಉಪಕರಣದಿಂದ ನೊಬೆಲ್ ಗೆಲ್ಲುವ ಕೆಲಸ ಮಾಡಿದರು, ನೀವೂ ಸೌಕರ್ಯವಿಲ್ಲವೆಂದು ಕೊರಗಬೇಡಿ ಎನ್ನುತ್ತೀರಿ. ರಾಮನ್ನರ ಮೇಲಿನ ನನ್ನ ಗೌರವ ಯಾರಿಗಿಂತಲೂ ಕಡಿಮೆಯದಲ್ಲ. ಆದರೆ ಆ ಕಥೆಯನ್ನು ಪೂರ್ತಿ ಹೇಳಬೇಕು. 1907ರಿಂದ ಹತ್ತು ವರ್ಷ ಅವರು ಸರಕಾರದ ಹಣಕಾಸು ಇಲಾಖೆಯಲ್ಲಿ ಅಧಿಕಾರಿಯಾಗಿದ್ದರು. ಬೆಳಗ್ಗೆ ಸಂಜೆ ಕಲ್ಕತ್ತೆಯ ಬೌಬಜಾರಿನ ಪ್ರಯೋಗಾಲಯದಲ್ಲಿ ಕೆಲಸ, ಹಗಲು ಕಚೇರಿ. 1917ರಲ್ಲಿ ಆ ಹುದ್ದೆ ಬಿಟ್ಟು ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಉಪಕರಣ ಅಗ್ಗದ್ದಿರಬಹುದು, ಅದನ್ನು ಹಿಡಿದ ಕೈಗೆ ತಿಂಗಳ ಆದಾಯದ ಆಧಾರವಿತ್ತು. ರಾಮನ್ನರ ಸರಳತೆಯನ್ನು ನಮಗೆ ಬೋಧಿಸುವವರು ಆ ಆಧಾರವನ್ನೂ ನಮಗೆ ಒದಗಿಸಬೇಕು ಎಂಬುದು ನ್ಯಾಯವಾದ ಮಾತು.

ಸರಕಾರ ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಸಾಕ್ಷಿಯೂ ನಮ್ಮ ಕಣ್ಣೆದುರಿಗಿದೆ. ಮೊದಲೆಲ್ಲ ಒಂದು ಸಂಶೋಧನಾ ಲೇಖನ ಓದಬೇಕೆಂದರೆ ದೊಡ್ಡ ಸಂಸ್ಥೆಗಳಲ್ಲಿರುವ ಗೆಳೆಯರಿಗೆ ಸಂದೇಶ ಕಳಿಸಿ ಬೇಡಿಕೊಳ್ಳಬೇಕಿತ್ತು. ಒಂದು ದೇಶ ಒಂದು ಚಂದಾ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಎತ್ತಿಟ್ಟು, 2025ರ ಜನವರಿಯಿಂದ ಸರಕಾರಿ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಸುಮಾರು 13,000 ನಿಯತಕಾಲಿಕೆಗಳನ್ನು ಸರಕಾರ ತೆರೆದಿಟ್ಟಿತು. ಇದರಿಂದ ನಮ್ಮಂಥವರಿಗೆ ಆದ ಉಪಕಾರ ಸಣ್ಣದಲ್ಲ, ಅದಕ್ಕೆ ಕೃತಜ್ಞಳಾಗಿದ್ದೇನೆ. ಅಷ್ಟೊಂದು ಪ್ರಕಾಶಕರೊಡನೆ ಕೂತು ಒಪ್ಪಂದ ಮಾಡಿಕೊಳ್ಳಬಲ್ಲ ಆಡಳಿತಕ್ಕೆ, ಆಗಲೇ ಮಂಜೂರಾದ ಹಣವನ್ನು ತಿಂಗಳ ಮೊದಲ ವಾರ ಖಾತೆಗೆ ಹಾಕುವುದು ಕಷ್ಟವಾಗಬಾರದು.

ಹಾಗಾಗಿ ತಮ್ಮಲ್ಲಿ ಕೆಲವು ವಿನಂತಿಗಳು. ಎಲ್ಲಕ್ಕಿಂತ ಮೊದಲು, ಶಿಷ್ಯವೇತನಕ್ಕೆ ಒಂದು ದಿನಾಂಕ ಗೊತ್ತುಮಾಡಿ. ಹಾಜರಾತಿಯ ದೃಢೀಕರಣ ತಡವಾದರೂ ಆ ದಿನ ಹಣ ಬರಲಿ. ಯಾರಾದರೂ ಕೆಲಸ ಬಿಟ್ಟು ಹೋಗಿದ್ದರೆ ಮುಂದಿನ ತಿಂಗಳು ಹಿಡಿದುಕೊಳ್ಳಿ. ಅಧ್ಯಾಪಕರ, ಸಿಬ್ಬಂದಿಯ ಸಂಬಳ ನಡೆಯುವುದು ಹಾಗೆಯೇ ಅಲ್ಲವೇ? ಮೇಲಿನ ಸಂಸ್ಥೆಯಿಂದ ಹಣ ಬರುವುದು ನಿಜವಾಗಿಯೂ ತಡವಾದಾಗ ವಿಶ್ವವಿದ್ಯಾಲಯವೇ ತನ್ನ ನಿಧಿಯಿಂದ ಬಡ್ಡಿಯಿಲ್ಲದ ಮುಂಗಡ ಕೊಟ್ಟು, ಬಾಕಿ ಬಂದಾಗ ವಸೂಲು ಮಾಡಿಕೊಳ್ಳಲಿ. ವಿಶ್ವವಿದ್ಯಾಲಯಕ್ಕೆ ಇದರಿಂದ ನಷ್ಟವಿಲ್ಲ, ಏಕೆಂದರೆ ಆ ಹಣ ಬಂದೇ ಬರುತ್ತದೆ. ನಮ್ಮ ಅಮ್ಮಂದಿರು ಸೊಸೈಟಿಗೆ ಹೋಗುವುದು ತಪ್ಪುತ್ತದೆ.

ಎಸ್‌ಆರ್‌ಎಫ್ ಸಮಿತಿಯ ದಿನವನ್ನು ಎರಡು ವರ್ಷ ಮುಗಿಯುವ ಮೊದಲೇ ನಿಗದಿ ಮಾಡಿ. ಅದು ಸೇರುವವರೆಗೆ ಹಳೆಯ ದರದಲ್ಲಿ ಪಾವತಿ ನಿಲ್ಲದಿರಲಿ. ಸೆಕ್ಷನ್ನಿನಲ್ಲಿ ಒಬ್ಬರು ಇಲ್ಲದಾಗ ಕೆಲಸ ನಡೆಸಲು ಇನ್ನೊಬ್ಬರಿಗೆ ಅಧಿಕಾರ ಕೊಡಿ. ಕಡತ ಯಾವ ಮೇಜಿನಲ್ಲಿ ಯಾವ ದಿನದಿಂದ ಇದೆ ಎಂಬುದು ನಮಗೆ ಕಾಣುವಂತಿರಲಿ. ಕೌಂಟರಿನ ಮುಂದೆ ನಿಂತು ಇಣುಕಿ ನೋಡುವ ಸ್ಥಿತಿ ಬೇಡ. ಕಂಟಿಂಜೆನ್ಸಿಯಲ್ಲಿ ಒಂದು ಪಾಲನ್ನು ವರ್ಷದ ಆರಂಭದಲ್ಲಿಯೇ ಮುಂಗಡವಾಗಿ ಕೊಡಿ, ರಸೀದಿಗಳನ್ನು ಆಮೇಲೆ ಒಂದೊಂದಾಗಿ ಪರಿಶೀಲಿಸಿ, ನಮಗೇನೂ ಅಡ್ಡಿಯಿಲ್ಲ. ಬೀಮ್‌ಲೈನ್ ಅಥವಾ ಬೇರೆ ಸಂಸ್ಥೆಯ ಉಪಕರಣದ ಸಮಯ ಸಿಕ್ಕಿದವರಿಗೆ ಪ್ರಯಾಣದ ಹಣ ಹೊರಡುವ ಮೊದಲೇ ಸಿಗಲಿ.

ಆ 8,000ವನ್ನು ಪರಿಷ್ಕರಿಸಿ. ಜೆಆರ್‌ಎಫ್ ಏರಿದಾಗಲೆಲ್ಲ ಅದೇ ಪ್ರಮಾಣದಲ್ಲಿ ಅದೂ ಏರುವಂತೆ ಒಂದೇ ಆದೇಶದಲ್ಲಿ ಸೇರಿಸಿ. ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಏನೂ ಸಿಗದೆ ದುಡಿಯುವವರನ್ನೂ ಆ ಆದೇಶ ಮುಟ್ಟಲಿ.

ಮಾರ್ಗದರ್ಶಕರಾದ ಪ್ರಾಧ್ಯಾಪಕರಲ್ಲಿಯೂ ಒಂದು ಮಾತು. ತಮ್ಮಲ್ಲಿ ಬಹಳ ಮಂದಿ ಸ್ವಂತ ಕಿಸೆಯಿಂದ ವಿದ್ಯಾರ್ಥಿಗಳ ಮೆಸ್ ಬಿಲ್ಲು ಕಟ್ಟಿದ್ದನ್ನು ನಾನು ಬಲ್ಲೆ, ಅಂಥವರಿಗೆ ಕೈಮುಗಿಯುತ್ತೇನೆ. ಆದರೆ ತಿಂಗಳ ಸಹಿಯನ್ನು ಶಿಸ್ತಿನ ಅಸ್ತ್ರವಾಗಿ ಬಳಸುವವರೂ ಇದ್ದಾರೆ. ವಿದ್ಯಾರ್ಥಿಯ ಕೆಲಸ ತೃಪ್ತಿಕರವಾಗಿಲ್ಲದಿದ್ದರೆ ಅದನ್ನು ಬರೆದು ತಿಳಿಸಿ, ಸಮಿತಿಯ ಮುಂದಿಡಿ. ಸಹಿ ತಡೆದು ಹಿಡಿಯಬೇಡಿ. ಆ ಸಹಿಯಿಲ್ಲದೆ ಒಬ್ಬಳ ಊಟ ನಿಲ್ಲುತ್ತದೆ.

ಕೊನೆಯದಾಗಿ, ಈ ಪತ್ರಕ್ಕೆ ಉತ್ತರವಾಗಿ ಪರಿಶೀಲಿಸಲಾಗುವುದು ಎಂಬ ಭರವಸೆ ನಮಗೆ ಬೇಡ. ಇವತ್ತಿನವರೆಗೆ ಯಾವ ವಿಭಾಗದಲ್ಲಿ ಯಾರ ಯಾರ ಶಿಷ್ಯವೇತನ ಎಷ್ಟು ತಿಂಗಳು ಬಾಕಿಯಿದೆ ಎಂಬ ಪಟ್ಟಿಯನ್ನು ಪ್ರತಿ ವಿಶ್ವವಿದ್ಯಾಲಯವೂ ತಯಾರಿಸಿ, ಈ ಶೈಕ್ಷಣಿಕ ವರ್ಷ ಮುಗಿಯುವುದರೊಳಗೆ ಚುಕ್ತ ಮಾಡಿ, ಮಾಡಿದ್ದೇವೆಂದು ಸುತ್ತೋಲೆ ಹೊರಡಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಭೌತಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ
ಬದಿಯಡ್ಕ, ಕಾಸರಗೋಡು ಜಿಲ್ಲೆ